ನನ್ನನ್ನು ಕೊಂದ ಮುದ್ದೆ ಕೋಲಿನ ವಿಚಾರವಾಗಿ

ಮಾನ್ಯ ವಸ್ತುಸಂಗ್ರಹಾಲಯದ ಮೇಲ್ವಿಚಾರಕರೇ,

ತಮಗೆ, ತಮ್ಮ ನ್ಯಾಯವೈದ್ಯಶಾಸ್ತ್ರ ವಿಭಾಗಕ್ಕೆ, ಗಾಜಿನ ಜಾಡಿಗಳಲ್ಲಿ ಬಹುಕಾಲದಿಂದ ಬಾಡಿಗೆಯಿಲ್ಲದೆ ವಾಸವಾಗಿರುವ ಹೃದಯ, ಪಿತ್ತಕೋಶ, ಮೂತ್ರಪಿಂಡಗಳಿಗೆ ಹಾಗೂ ಬಾಗಿಲಲ್ಲೇ ನಿಂತು ಬಂದವರನ್ನೆಲ್ಲ ಹಲ್ಲು ಕಿರಿದು ಸ್ವಾಗತಿಸುವ ಅಸ್ಥಿಪಂಜರದವರಿಗೆ ಅಟ್ಟೂರಿನ ಮುನಿಗಂಗಪ್ಪನು ಮಾಡುವ ನಮಸ್ಕಾರಗಳು. ನಾನು ನಮ್ಮೂರ ಹಾಲಿನ ಸೊಸೈಟಿಯಲ್ಲಿ ಬಹಳ ವರ್ಷ ಕಾರ್ಯದರ್ಶಿಯಾಗಿದ್ದವನು. ಅರ್ಜಿ ಬರೆದೂ ಬರೆದೂ ಪಳಗಿದ ಕೈ ಇದು. ಆದರೂ ಸತ್ತ ಮೇಲೆ ಬರೆಯುತ್ತಿರುವ ಮೊದಲ ಅರ್ಜಿಯಾದ್ದರಿಂದ, ಒಕ್ಕಣೆಯಲ್ಲಿ ಏನಾದರೂ ತಪ್ಪಿದ್ದರೆ ತಾವು ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ನಾನು ಸತ್ತಿರುವ ಸಂಗತಿ ನನಗೆ ಗೊತ್ತಾದದ್ದು ಹೋದ ತಿಂಗಳು, ಅದೂ ತಮ್ಮ ಸಂಸ್ಥೆಯ ಕೃಪೆಯಿಂದಲೇ. ತಮ್ಮ ಆಸ್ಪತ್ರೆಯವರು ನಮ್ಮ ಬಡಾವಣೆಯಲ್ಲಿ ಉಚಿತ ಹೃದಯ ತಪಾಸಣಾ ಶಿಬಿರ ನಡೆಸಿ, ಎದೆಯಲ್ಲಿ ಏನಾದರೂ ಏರುಪೇರು ಕಂಡ ಮುದುಕರನ್ನೆಲ್ಲ ಬಸ್ಸಿಗೆ ತುಂಬಿಕೊಂಡು ಯಲಹಂಕದ ಆಚೆಗಿರುವ ತಮ್ಮ ಆವರಣಕ್ಕೆ ಕರೆತಂದರು. ಜೊತೆಗೆ ನನ್ನ ಹೆಂಡತಿ ಮುನಿಯಲ್ಲಮ್ಮನೂ ಬಂದಳು. ಮೇಲಿನ ಮಹಡಿಯಲ್ಲಿ ಡಾಕ್ಟರು ಎದೆಗೆ ವೈರುಗಳನ್ನು ಅಂಟಿಸಿ ನೋಡಿ, ರಕ್ತನಾಳ ಕಟ್ಟಿಕೊಂಡಿದೆ, ಆಪರೇಷನ್ ಆಗಲೇಬೇಕು, ತಡಮಾಡಿದರೆ ಜೀವಕ್ಕೆ ಅಪಾಯ ಎಂದರು. ವಾಪಸ್ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ, ಅಲ್ಲಿಯವರೆಗೆ ನೋಡಿಕೊಂಡು ಬನ್ನಿ ಎಂದು ನಮ್ಮನ್ನೆಲ್ಲ ಕೆಳಮಹಡಿಯ ತಮ್ಮ ಮ್ಯೂಸಿಯಂಗೆ ಕಳಿಸಿದರು. ಹೀಗೆ, ಮೇಲೆ ಸಾಯಬಹುದು ಎನಿಸಿಕೊಂಡಿದ್ದವನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಸತ್ತೇಹೋಗಿದ್ದೆ.

ತಮ್ಮ ಮ್ಯೂಸಿಯಂ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆ. ಕುಡುಕನ ಲಿವರನ್ನೂ ಬೀಡಿ ಸೇದುವವನ ಶ್ವಾಸಕೋಶವನ್ನೂ ಅಕ್ಕಪಕ್ಕ ಇಟ್ಟಿರುವುದನ್ನು ಕಂಡು ನಮ್ಮ ಬಸ್ಸಿನ ಗಂಡಸರು ಕೆಮ್ಮುವುದಕ್ಕೂ ಹೆದರಿದರು. ವಿವರ ಹೇಳಲು ಜೀಷಾನ್ ಎಂಬ ತಮ್ಮ ವಿದ್ಯಾರ್ಥಿ ಬಂದಿದ್ದ. ಬಿಳಿ ಕೋಟು, ಒಳ್ಳೆಯ ಮಾತು, ಹಿರಿಯರೆಂದರೆ ಮರ್ಯಾದೆ. ದತ್ತೂರಿ ಬೀಜ, ನೇಣಿನ ಹಗ್ಗ, ತುಕ್ಕು ಹಿಡಿದ ಮಚ್ಚು ಎಲ್ಲವನ್ನೂ ದೇವಸ್ಥಾನದ ಒಡವೆಗಳ ಹಾಗೆ ಭಕ್ತಿಯಿಂದ ತೋರಿಸುತ್ತ ಕೊನೆಯ ಗಾಜಿನ ಪೆಟ್ಟಿಗೆಗೆ ಬಂದ. ಅದರೊಳಗೆ ನಮ್ಮ ಮನೆಯ ಮುದ್ದೆ ಕೋಲಿತ್ತು.

ಕೋಲಿನ ಕೆಳಗೆ ತಾವು ಅಚ್ಚುಕಟ್ಟಾಗಿ ಬರೆಸಿರುವ ಫಲಕವನ್ನು ನಾನಿಲ್ಲಿ ಯಥಾವತ್ತಾಗಿ ನಕಲು ಮಾಡುತ್ತಿದ್ದೇನೆ: ‘ಮೊಂಡಾಯುಧ. ಅಟ್ಟೂರು ಪ್ರಕರಣ. ಪತ್ನಿಯು ಪತಿಯ ತಲೆಗೆ ಹೊಡೆದು ಕೊಲೆ ಮಾಡಲು ಬಳಸಿದ್ದು. ಪತಿ ಸ್ಥಳದಲ್ಲೇ ಮೃತ. ಕೋಲಿನ ಮೇಲಿರುವ ಹಲ್ಲಿನ ಗುರುತುಗಳು ಹೋರಾಟದ ವೇಳೆ ಮೃತನು ಕಚ್ಚಿದ್ದರಿಂದ ಆದವು.’ ಕನ್ನಡದಲ್ಲಿ ಒಂದು ಕಾಗುಣಿತವೂ ತಪ್ಪಿಲ್ಲ, ಅದಕ್ಕೆ ತಮ್ಮನ್ನು ಅಭಿನಂದಿಸುತ್ತೇನೆ. ಜೀಷಾನ್ ಅದನ್ನು ಗಟ್ಟಿಯಾಗಿ ಓದಿ, ಎದುರಿಗೇ ನಿಂತಿದ್ದ ಮುನಿಯಲ್ಲಮ್ಮನ ಕಡೆ ತಿರುಗಿ, “ನೋಡಿ ಅಜ್ಜಿ, ಮರ್ಡರ್ ಮಾಡಕ್ಕೆ ಚಾಕು ಚೂರಿನೇ ಬೇಕು ಅಂತೇನಿಲ್ಲ. ಈ ಲೇಡಿ ಅಡುಗೆಮನೆ ಐಟಮ್‌ನಲ್ಲೇ ಗಂಡನ್ನ ಒಂದೇ ಏಟಿಗೆ ಫಿನಿಶ್ ಮಾಡಿದ್ಲು” ಎಂದು ವಿವರಿಸಿದ.

ಮುನಿಯಲ್ಲಮ್ಮ ನನ್ನ ಸೋದರಮಾವನ ಮಗಳು. ಲಂಗ ಉಟ್ಟು ಓಡಾಡುವ ಕಾಲದಿಂದ ನನ್ನನ್ನು ಬಾವ ಎಂದು ಕರೆದು ಅಭ್ಯಾಸ, ಮದುವೆಯಾದ ಮೇಲೂ ಬಹುವಚನ ಬರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಗಾಜಿಗೆ ಮೂಗು ತಾಗಿಸಿ ನೋಡಿ, “ಬಾವ, ಇದು ನಮ್ಮಪ್ಪ ಕೊಟ್ಟಿದ್ ಕೋಲಲ್ವಾ? ವನಿತಾ ಕಚ್ಚಿರೋದು ನೋಡು ಇಲ್ಲಿ” ಎಂದಳು. ಹೌದು ಸ್ವಾಮಿ, ಅದೇ. ನಮ್ಮ ಮಾವ ಕಗ್ಗಲಿ ಮರದಲ್ಲಿ ಕೆತ್ತಿಸಿ ಮಗಳ ಜೊತೆ ಕಳಿಸಿಕೊಟ್ಟ ಕೋಲು. ಒಂದು ತುದಿ ಒಲೆಯಲ್ಲಿ ಸುಟ್ಟಿದೆ. ನಮ್ಮ ಮಗಳು ವನಿತಾಗೆ ಹಲ್ಲು ಬರುವಾಗ ಒಸಡು ಕಡಿದು ಅಳುತ್ತಿದ್ದಳೆಂದು ಕೋಲನ್ನು ತೊಳೆದು ಅವಳ ಕೈಗೆ ಕೊಡುತ್ತಿದ್ದೆವು, ಅವಳು ಕೂತು ಕಚ್ಚುತ್ತಿದ್ದಳು. ಆ ಗುರುತುಗಳನ್ನು ತಾವು ನನ್ನ ಕೊನೆಯ ಹೋರಾಟವೆಂದು ದೊಡ್ಡ ಮನಸ್ಸಿನಿಂದ ಬರೆಸಿದ್ದೀರಿ. ಸಾಯುವಾಗ ನನಗಿದ್ದದ್ದು ಎರಡೇ ಹಾಲುಹಲ್ಲು ಎಂದು ತಮ್ಮ ಶಾಸ್ತ್ರ ಹೇಳುವುದಾದರೆ, ಶಾಸ್ತ್ರಕ್ಕೆ ಎದುರಾಡಲು ನಾನ್ಯಾರು?

ಎಷ್ಟೋ ವರ್ಷಗಳ ಹಿಂದೆ ನಡೆದದ್ದು ಇಷ್ಟು. ಹೆಸರಘಟ್ಟದಿಂದ ಹೊಸದಾಗಿ ತಂದಿದ್ದ ಸೀಮೆಹಸು ಒಂದು ಸಂಜೆ ಹಾಲು ಕರೆಯಲು ಕೂತ ನನ್ನನ್ನು ಜಾಡಿಸಿ ಒದ್ದಿತು. ನಾನು ಹಿಂದಕ್ಕೆ ಬಿದ್ದು, ಕಲಗಚ್ಚಿನ ಕಲ್ಲುಬಾನಿ ತಲೆಗೆ ತಾಗಿ ಎಚ್ಚರ ತಪ್ಪಿದೆ. ಕೊಟ್ಟಿಗೆಗೆ ಓಡಿಬಂದ ಅಕ್ಕಪಕ್ಕದವರು ನನ್ನನ್ನು ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿದರು. ತಲೆಗೆ ಪೆಟ್ಟಾದ್ದರಿಂದ ಆಸ್ಪತ್ರೆಯವರು ನಿಯಮದಂತೆ ಪೊಲೀಸರಿಗೆ ತಿಳಿಸಿದರು, ಪೊಲೀಸರು ವಿಚಾರಿಸಲು ಮನೆಗೆ ಬಂದರು. ಮಕ್ಕಳಿಗೆಂದು ಒಲೆಯ ಮೇಲೆ ಹಿಟ್ಟು ತಿರುವುತ್ತಿದ್ದ ಮುನಿಯಲ್ಲಮ್ಮ, ಗಂಡನ ಸುದ್ದಿ ಬಂತೆಂದು, ಕೈಯಲ್ಲಿದ್ದ ಕೋಲನ್ನು ಕೆಳಗಿಡುವುದನ್ನೂ ಮರೆತು ಬಾಗಿಲಿಗೆ ಓಡಿಬಂದಳು. ಆಸ್ಪತ್ರೆಯಲ್ಲಿ ತಲೆಗೆ ಪೆಟ್ಟು ಬಿದ್ದ ಗಂಡ, ಮನೆಯಲ್ಲಿ ಕೋಲು ಹಿಡಿದ ಹೆಂಡತಿ; ತನಿಖೆ ಅಲ್ಲಿಗೆ ಮುಗಿಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗೆ ಕೋಲನ್ನು ಜಪ್ತಿ ಮಾಡಿಕೊಂಡು ಹೋದರು. ಅರ್ಧಕ್ಕೆ ಬಿಟ್ಟ ಮುದ್ದೆ ಗಂಟುಗಂಟಾಗಿ ಹಾಳಾಯಿತು. ಎಚ್ಚರವಾದ ಮೇಲೆ ನಾನೇ ಠಾಣೆಗೆ ನಡೆದುಕೊಂಡು ಹೋಗಿ ಹಸುವಿನ ಮೇಲೆ ಹೇಳಿಕೆ ಕೊಟ್ಟೆ, ಕೇಸು ಮುಚ್ಚಿತು. ಕೋಲು ಮಾತ್ರ ಪರೀಕ್ಷೆಗೆ ಹೋಗಿದೆ ಎಂದರು. ಅದು ಪರೀಕ್ಷೆಯಲ್ಲಿ ಪಾಸಾಗಿ ಇಷ್ಟು ದೊಡ್ಡ ಸ್ಥಾನಕ್ಕೆ ಬಂದಿರುವುದು ನಮಗೆ ಗೊತ್ತಿರಲಿಲ್ಲ.

ಈ ವಿಷಯವನ್ನು ನಾನು ಅಲ್ಲೇ ತಿಳಿಸಿದಾಗ ಪಾಪ ಜೀಷಾನನ ಮುಖ ಬಿಳಿಚಿಕೊಂಡಿತು. “ಅಂಕಲ್, ಅಂದ್ರೆ... ನೀವು ಸತ್ತಿಲ್ವಾ?” ಎಂದ. “ಇನ್ನೂ ಇಲ್ಲಪ್ಪ, ಮೇಲಿನ ಡಾಕ್ಟರು ಸ್ವಲ್ಪ ಟೈಮ್ ಕೊಟ್ಟಿದಾರೆ” ಎಂದೆ. ಹುಡುಗ ಮುನಿಯಲ್ಲಮ್ಮನ ಕಾಲು ಮುಟ್ಟಿ, “ಸಾರಿ ಅಜ್ಜಿ, ನಮಗೆ ಇದೇ ಹೇಳ್ಕೊಟ್ಟಿರೋದು” ಎಂದ. ಅವನ ಮೇಲೆ ನಮಗೆ ಯಾವ ದೂರೂ ಇಲ್ಲ.

ಆಮೇಲೆ ನಾನು ತಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ತಮ್ಮ ಪರವಾಗಿ ಮಾತಾಡಿದ ಮಹನೀಯರು, ಫಲಕ ತೆಗೆಯುವಂತಿಲ್ಲ, ಆ ಕೋಲನ್ನು ವರ್ಷ ವರ್ಷ ಪರೀಕ್ಷೆಗೆ ಇಡುತ್ತೇವೆ, ವಿದ್ಯಾರ್ಥಿಗಳು ಅದನ್ನು ನೋಡಿ ಸಾವಿನ ಕಾರಣ ಬರೆಯಬೇಕು ಎಂದರು. ಎಷ್ಟೋ ಜನ ಡಾಕ್ಟರುಗಳು ನಾನು ಸತ್ತೆನೆಂದು ಬರೆದು ಪಾಸಾಗಿದ್ದಾರಂತೆ. ನಾನು ಬದುಕಿದರೆ ಅವರೆಲ್ಲ ಫೇಲು. ನಾನು ಬದುಕಿರುವುದಕ್ಕೆ ದಾಖಲೆ ಕೇಳಿದ್ದರಿಂದ, ಪಿಂಚಣಿಗೆಂದು ಮಾಡಿಸಿದ್ದ ಜೀವಿತ ಪ್ರಮಾಣಪತ್ರ ತಂದುಕೊಟ್ಟೆ. ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, “ಇದು ಈ ವರ್ಷ ಬದುಕಿರೋದಕ್ಕೆ ಸರ್. ಆವತ್ತು ಸತ್ತಿಲ್ಲ ಅನ್ನೋದಕ್ಕೆ ಏನಿದೆ?” ಎಂದರು. ಅಯ್ಯೋ ಶಿವನೇ! ಇಷ್ಟು ವರ್ಷ ಸರ್ಕಾರಿ ಕಚೇರಿಗಳನ್ನು ಕಂಡವನು ನಾನು, ಇಂಥ ಪ್ರಶ್ನೆ ಎಲ್ಲೂ ಕೇಳಿರಲಿಲ್ಲ. ಅವರಿಗೆ ತಾವು ಬಡ್ತಿ ಕೊಡಬೇಕು.

ನಗುತ್ತಲೇ ಬರೆಯುತ್ತಿದ್ದೇನೆ, ಆದರೆ ನನಗೆ ಸಿಟ್ಟು ಬಂದಿದೆ ಮಾನ್ಯರೇ, ಚೆನ್ನಾಗಿಯೇ ಬಂದಿದೆ. ಬಸ್ಸಿನಲ್ಲಿ ಪುಟ್ಟೇನಹಳ್ಳಿಯ ಹೆಂಗಸರು ತಮಾಷೆಗೆಂದು ಮುನಿಯಲ್ಲಮ್ಮನ ಪಕ್ಕದ ಸೀಟು ಖಾಲಿ ಬಿಟ್ಟರು, ಬಡಾವಣೆಯಲ್ಲಿ ಯಾರೋ ನಮ್ಮ ಮನೆಯನ್ನು ಬೆರಳು ಮಾಡಿ ತೋರಿಸಿದರು. ಅದನ್ನೆಲ್ಲ ಅವಳು ನಕ್ಕು ತಳ್ಳಿಹಾಕಿದಳು. ಮನೆಗೆ ಬಂದು ಕಾಲು ತೊಳೆದು ಕೂತ ಮೇಲೆ ಮಾತ್ರ, “ನೀನ್ ಇರೋಗಂಟ ಸರಿ ಬಾವ, ನನ್ ಗಂಡ ಇಲ್ಲೇ ಅವ್ನೆ ನೋಡ್ರಿ ಅಂತ ಯೋಳ್ತೀನಿ. ನೀನ್ ಹೋದ್ಮ್ಯಾಲೆ? ಆ ಬೋರ್ಡು ತಾನೇ ಮಾತಾಡೋದು?” ಎಂದು ಕೇಳಿದಳು. ನಾನು ಮೂರ್ಛೆ ಹೋಗಿದ್ದಾಗ ಆಸ್ಪತ್ರೆಯ ನೆಲದ ಮೇಲೆ ಸೆರಗು ಹಾಸಿ ಮಲಗಿ ನನ್ನನ್ನು ಉಳಿಸಿಕೊಂಡವಳು ಅವಳು. ಅವಳು ಕೊಲೆಗಾತಿಯಲ್ಲ ಎನ್ನುವುದಕ್ಕೆ ಇರುವ ಸಾಕ್ಷಿಯೊಂದೇ, ನಾನು. ಆ ಸಾಕ್ಷಿಯ ಎದೆ ಎಷ್ಟು ದಿನ ಬಡಿದುಕೊಳ್ಳುತ್ತದೆಂದು ತಮ್ಮ ಮೇಲಿನ ಮಹಡಿಯವರಿಗೂ ಗೊತ್ತಿಲ್ಲ. ಆಪರೇಷನ್ನು ಬರುವ ತಿಂಗಳು.

ಆದಕಾರಣ ತಮ್ಮಲ್ಲಿ ಕೆಲವು ಚಿಕ್ಕ ಮನವಿಗಳು. ಫಲಕ ತೆಗೆಯುವುದು ಕಷ್ಟವಾದರೆ, ಮೇಲಿನ ಮಹಡಿಯ ಡಾಕ್ಟರಿಗೆ ಒಂದು ಚೀಟಿ ಕಳಿಸಿ, ಸತ್ತವನಿಗೆ ಆಪರೇಷನ್ ಮಾಡುವುದು ಸಂಸ್ಥೆಯ ದಾಖಲೆಗೆ ವಿರುದ್ಧವೆಂದು ತಿಳಿಸಬೇಕು. ಇಲ್ಲವಾದರೆ ನಾನು ಸತ್ತ ದಿನಕ್ಕೆ ಸರಿಯಾಗಿ ಮರಣ ಪ್ರಮಾಣಪತ್ರ ಕೊಡಿಸಬೇಕು. ಆ ದಿನದ ನಂತರ ನಾನು ಮಾಡಿದ ಸಹಿ, ಹಾಕಿದ ಓಟು, ಸೊಸೈಟಿಯಲ್ಲಿ ಕೊಟ್ಟ ಭಾಷಣ ಎಲ್ಲವನ್ನೂ ರದ್ದುಮಾಡಿಸಬೇಕು. ಹಸುವಿನ ವಿಚಾರಣೆ ನಡೆಸುವುದಾದರೆ ಅದು ಮುದಿಯಾಗಿ ಸತ್ತಿದೆ, ಮಣ್ಣು ಮಾಡಿದ ಜಾಗ ತೋರಿಸಲು ಸಿದ್ಧನಿದ್ದೇನೆ, ಈಗ ಅದರ ಮೇಲೆ ಒಂದು ಅಪಾರ್ಟ್‌ಮೆಂಟ್ ಇದೆ ಅಷ್ಟೆ. ಕಚ್ಚಿದ ಗುರುತಿನ ಬಗ್ಗೆ ಅನುಮಾನವಿದ್ದರೆ ನನ್ನ ಕಟ್ಟಿಸಿದ ಹಲ್ಲಿನ ಸೆಟ್ಟನ್ನೂ ಕಳಿಸಿಕೊಡುತ್ತೇನೆ, ಊಟದ ಹೊತ್ತಿಗೆ ವಾಪಸ್ ಮಾಡಿದರೆ ಸಾಕು.

ಇವು ಯಾವುವೂ ಆಗುವುದಿಲ್ಲವೆಂದು ನನಗೂ ಗೊತ್ತು. ಅದಕ್ಕೇ ನಾನು ತಮ್ಮ ಅಂಗರಚನಾ ವಿಭಾಗಕ್ಕೆ ಹೋಗಿ ದೇಹದಾನಕ್ಕೆ ಸಹಿ ಹಾಕಿ ಬಂದಿದ್ದೇನೆ. ನಮ್ಮ ಕಡೆ ಹಿರಿಯರನ್ನು ಸ್ವಂತ ಹೊಲದಲ್ಲೇ ಹೂಳುವುದು. ಹೊಲವೆಲ್ಲ ಸೈಟಾದರೂ ಅಪ್ಪ ಅವ್ವನ ಸಮಾಧಿಯ ಪಕ್ಕದ ತುಂಡು ನೆಲವನ್ನು ಯಾರು ಎಷ್ಟು ಕೇಳಿದರೂ ಮಾರದೆ ಇಟ್ಟುಕೊಂಡಿದ್ದೆವು, ನನಗೂ ಮುನಿಯಲ್ಲಮ್ಮನಿಗೂ ಅಕ್ಕಪಕ್ಕ ಇರಲಿ ಎಂದು. ಈಗ ಅವಳೊಬ್ಬಳೇ ಅಲ್ಲಿ ಮಲಗಬೇಕಾಗುತ್ತದೆ. ಅದು ನನಗೆ ಸಂಕಟವೇ. ಆದರೂ ದೇಹದಲ್ಲಿ ತಮಗೆ ಬೇಕಾದ್ದನ್ನೆಲ್ಲ ಜಾಡಿಗೆ ಹಾಕಿಕೊಳ್ಳಿ, ಬುರುಡೆಯನ್ನು ಮಾತ್ರ ಆ ಕೋಲಿನ ಪಕ್ಕದಲ್ಲಿ, ಅದೇ ಪೆಟ್ಟಿಗೆಯಲ್ಲಿ ಇಡತಕ್ಕದ್ದು ಎಂದು ಷರತ್ತು ಬರೆದಿದ್ದೇನೆ. ಪರೀಕ್ಷೆಗೆ ಬಂದ ಮಕ್ಕಳು ಬೆರಳಾಡಿಸಿ ನೋಡಲಿ. ಎಲ್ಲೂ ಒಂದು ಬಿರುಕಿಲ್ಲ. ನಾನು ಇಲ್ಲದಾಗ ನನ್ನ ಹೆಂಡತಿಯ ಪರವಾಗಿ ಹೇಳಲು ನನ್ನ ತಲೆಯಾದರೂ ಇರುತ್ತದೆ.

ತಮ್ಮ ಫಲಕದ ಪ್ರಕಾರ ದಿವಂಗತನೂ,
ಸದ್ಯಕ್ಕೆ ತಮ್ಮ ವಿಶ್ವಾಸಿಯೂ ಆದ,
ಮುನಿಗಂಗಪ್ಪ
ಅಟ್ಟೂರು, ಯಲಹಂಕ

ವಿ.ಸೂ.: ಅಂಚೆಗೆ ಹಾಕುವ ಮುನ್ನ ಈ ಪತ್ರವನ್ನು ಮುನಿಯಲ್ಲಮ್ಮನಿಗೆ ಓದಿ ಹೇಳಿದೆ. ಬುರುಡೆಯ ಮಾತು ಬಂದಾಗ ಕಣ್ಣೊರೆಸಿಕೊಂಡು, “ತಲೆಗಿಲೆ ಏನೂ ಕೊಡೋದ್ ಬ್ಯಾಡ, ನೀನ್ ನನ್ ಪಕ್ಕದಾಗೇ ಇರ್ಬೇಕು. ಆ ಬೋರ್ಡ್ ಬರ್ಸಿದ್ ಸಾಹೇಬ್ರನ್ನ ಒಂದ್ಸಲ ಮನೆಗ್ ಊಟಕ್ ಕರಿ, ಬೋರ್ಡ್‌ನಾಗಿರೋದನ್ನ ನಿಜ ಮಾಡ್ಕೊಡ್ತೀನಿ” ಎಂದಳು. ಭಾನುವಾರ ಮುದ್ದೆ, ಬಸ್ಸಾರು. ತಾವು ತಪ್ಪದೆ ದಯಮಾಡಿಸಬೇಕು, ಬರುವಾಗ ಕೋಲನ್ನು ತರಲು ಮರೆಯಬಾರದು.