ನಾನು ಬೇಡ ಎಂದ ಫ್ಲೆಮಿಂಗೊಗಳು

ನೆಂಟರ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತುಮಕೂರಿನಲ್ಲಿ ನನ್ನಷ್ಟು ಸಂಕೋಚದ ಮನುಷ್ಯ ಇನ್ನೊಬ್ಬನಿಲ್ಲ ಎಂದು ಬಂಧುಬಳಗವೇ ಒಪ್ಪಿಕೊಂಡಿದೆ. ಕಾಫಿ ಕೊಡಲಾ ಎಂದು ಕೇಳಿದರೆ ಮೊದಲು "ಬೇಡ" ಅನ್ನಬೇಕು. ಮನೆಯವರು "ಅರ್ಧ ಲೋಟ?" ಎಂದು ಇಳಿದು ಬರಬೇಕು. ನಾವು "ಅಯ್ಯೋ, ಈಗ ತಾನೇ ಆಯಿತು" ಅನ್ನಬೇಕು. ಆಗ ಅವರು "ಒಂದು ಗುಟುಕಾದರೂ ಕುಡೀಲೇಬೇಕು" ಎಂದು ಹಟ ಹಿಡಿಯಬೇಕು. "ನಿಮ್ಮ ಬಲವಂತಕ್ಕೆ" ಎಂದು ಒಪ್ಪಿಕೊಂಡು ತುಂಬಿದ ಲೋಟ ಖಾಲಿ ಮಾಡಬೇಕು. ಇದು ಉಪಚಾರ. ನಮ್ಮ ಕಡೆ ಇದನ್ನು ಯಾರೂ ಕಲಿಸುವುದಿಲ್ಲ, ತಾನಾಗಿ ಬರುತ್ತದೆ.

ಇದನ್ನು ಹೊತ್ತುಕೊಂಡು ಗುಜರಾತಿಗೆ ಹೋದೆ ನೋಡಿ, ಅಲ್ಲಿ ಕೆಟ್ಟೆ!

ಹೋಗಿದ್ದು ನೆಂಟರನ್ನು ನೋಡಲು. ಅಹಮದಾಬಾದಿನಲ್ಲಿ ಅಕ್ಕನ ಮಗಳು ಪೂರ್ವಿ, ವಡೋದರಾದಲ್ಲಿ ಅಕ್ಕ-ಭಾವ, ಕೊನೆಗೆ ಸೂರತ್ತಿನ ಅಡಾಜಣ್‌ನಲ್ಲಿ ನನ್ನ ಹೆಂಡತಿ ಸರೋಜಳ ತಮ್ಮ. ಆದರೆ ಸರೋಜ ಹೊರಟಿದ್ದು ನೆಂಟರಿಗಾಗಿ ಅಲ್ಲ, ಹಕ್ಕಿಗಾಗಿ. ಅಹಮದಾಬಾದಿನ ಹತ್ತಿರದ ನಳ ಸರೋವರಕ್ಕೆ ಚಳಿಗಾಲದಲ್ಲಿ ಫ್ಲೆಮಿಂಗೊಗಳು ಹಿಂಡುಗಟ್ಟಿ ಬರುತ್ತವೆ ಎಂದು ಮೊಬೈಲಿನಲ್ಲಿ ನೋಡಿದಾಗಿನಿಂದ ಅವಳಿಗೆ ಅದೇ ಧ್ಯಾನ.

"ಮದುವೆಯಾದಾಗಿನಿಂದ ನನ್ನ ಪ್ರವಾಸ ಅಂದರೆ ನಾಮಕರಣ, ಗೃಹಪ್ರವೇಶ, ವೈಕುಂಠ ಸಮಾರಾಧನೆ. ಇದೊಂದು ಸಲ ನನಗೋಸ್ಕರ ಏನಾದರೂ ನೋಡಬೇಕು ರೀ," ಅಂದಳು.

ಮಾತು ಮನಸ್ಸಿಗೆ ನಾಟಿತು. "ಆ ಜವಾಬ್ದಾರಿ ನನಗೆ ಬಿಡು," ಅಂದೆ. ಬಿಟ್ಟಳು, ಪಾಪ! ಒಂದು ಬೈನಾಕ್ಯುಲರ್ ಕೂಡ ಕೊಂಡುಕೊಂಡಳು. ತಾರಸಿಯಲ್ಲಿ ನಿಂತು ಅದನ್ನು ಅಭ್ಯಾಸ ಮಾಡಿದ ಒಂದು ವಾರದಲ್ಲಿ ಎದುರುಮನೆಯವರ ಹಪ್ಪಳದ ಅಳತೆಯೂ ನಮಗೆ ತಿಳಿಯಿತು.

ಪೂರ್ವಿಯ ಮನೆ ಸ್ಯಾಟಲೈಟ್ ಎಂಬ ಬಡಾವಣೆಯ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ, ಐದನೇ ಮಹಡಿ. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಗುಜರಾತಿನಲ್ಲೇ. ಗಂಡ ಹಿರೇನ್ ಅಲ್ಲಿಯವನೇ. ನಾವು ಸೋಫಾದಲ್ಲಿ ಕೂತ ತಕ್ಷಣ ಕೇಳಿದಳು, "ಮಾಮ, ಕಾಫಿ ಮಾಡ್ಲಾ?"

"ಬೇಡಮ್ಮ," ಅಂದೆ, ಶಾಸ್ತ್ರೋಕ್ತವಾಗಿ.

"ಓಕೆ ಮಾಮ," ಅಂದಳು. "ಅತ್ತೆ, ನಿಮಗೆ?"

"ನನಗೆ ಒಂದು ಲೋಟ ಕೊಡಮ್ಮ," ಅಂದಳು ಸರೋಜ. ಬಂತು. ಒಂದೇ ಲೋಟ!

ಹುಡುಗಿ ಮರೆತಿರಬೇಕು ಎಂದುಕೊಂಡೆ. ರಾತ್ರಿ ಊಟಕ್ಕೆ ಪೂರಿ, ಶ್ರೀಖಂಡ. ಹಿರೇನ್ ಒಳ್ಳೆಯ ಹುಡುಗ, ಬಡಿಸುವುದರಲ್ಲಿ ನಮ್ಮವನೇ ಅನ್ನಬೇಕು. "ಅರೆ ಮಾಮಾ, ಥೋಡಾ ತೋ ಲೋ!" ಎನ್ನುತ್ತಾ ಶ್ರೀಖಂಡದ ಬಟ್ಟಲು ಹಿಡಿದು ಬಂದ. ನಾನು "ಬೇಡ, ಬೇಡ" ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ. ಬೆರಳುಗಳ ನಡುವೆ ಒಂದು ಸೌಟು ಬೀಳುವಷ್ಟು ಸಂದು ಬಿಟ್ಟೇ ಹಿಡಿದಿದ್ದೆ. ಅನುಭವಸ್ಥರು ಹಾಗೇ ಹಿಡಿಯುವುದು. ಅಷ್ಟರಲ್ಲಿ ಪೂರ್ವಿ ಗಂಡನ ಕೈ ತಡೆದಳು.

"ಹಿರೇನ್, ನಹೀ! ಮಮ್ಮಿ ಫೋನ್ ಮಾಡಿ ಹೇಳಿದಾಳೆ. ಮಾಮಗೆ ಶುಗರ್ ಇದೆ. ಬೇಡ ಅಂದ್ರೆ ಫೋರ್ಸ್ ಮಾಡಬಾರದಂತೆ."

ಬಟ್ಟಲು ಹಿಂದಕ್ಕೆ ಹೋಯಿತು. ಶ್ರೀಖಂಡ ಬಹಳ ಚೆನ್ನಾಗಿತ್ತೆಂದು ಸರೋಜ ಆಮೇಲೆ ಹೇಳಿದಳು.

ಇಷ್ಟಾದರೂ ಬುದ್ಧಿ ಬರಬೇಡವೇ? ಮಾರನೆಯ ಸಂಜೆ, ಶುಕ್ರವಾರ, ಸರೋಜ ಸ್ನಾನಕ್ಕೆ ಹೋಗಿದ್ದಾಗ ಹಿರೇನ್ ನನ್ನ ಪಕ್ಕದಲ್ಲಿ ಬಂದು ಕೂತ. ನಾಳೆ ಬೆಳಗಿನ ಜಾವವೇ ಹೊರಟುಬಿಡೋಣ, ದೋಣಿಯವನಿಗೆ ಹೇಳಿಟ್ಟಿದ್ದೇನೆ, ಅತ್ತೆಗೆ ಫ್ಲೆಮಿಂಗೊ ತೋರಿಸೋಣ ಎಂದು ಹಿಂದಿಯಲ್ಲಿ ಹೇಳಿದ. ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ಸಂತೋಷದಲ್ಲಿ ನನ್ನ ಉಪಚಾರವೆಲ್ಲ ಉಕ್ಕಿ ಬಂತು!

"ಛೇ ಛೇ, ಬೇಡಪ್ಪ! ವಾರವಿಡೀ ದುಡಿದಿರುತ್ತೀರಿ. ರಜೆಯ ದಿನ ಆರಾಮಾಗಿ ಮಲಗಿ. ನಮ್ಮದೇನು, ಇಲ್ಲೇ ಪಾರ್ಕಿನಲ್ಲಿ ಎರಡು ಸುತ್ತು ಹಾಕಿಕೊಂಡು ಇರುತ್ತೇವೆ."

ಈಗ ಅವನು "ಅದು ಹೇಗಾಗುತ್ತೆ ಮಾಮಾ" ಅನ್ನಬೇಕು. ನಾನು "ಅಷ್ಟು ದೂರ ಕಾರು ಓಡಿಸಬೇಕಲ್ಲ" ಅನ್ನಬೇಕು. ಅವನು ಕೈ ಹಿಡಿಯಬೇಕು. ನಾನು ನಿಟ್ಟುಸಿರು ಬಿಟ್ಟು ಒಪ್ಪಬೇಕು. ಹಿರೇನ್ ಪೂರ್ವಿಯ ಮುಖ ನೋಡಿದ. ಪೂರ್ವಿ, "ಮಾಮಗೆ ರೆಸ್ಟ್ ಬೇಕು ಅನ್ಸುತ್ತೆ," ಅಂದಳು. ಹಿರೇನ್ ಅಲ್ಲೇ ಫೋನ್ ತೆಗೆದು ದೋಣಿಯವನಿಗೆ ಬರುವುದಿಲ್ಲ ಎಂದು ಹೇಳಿದ. ಇನ್ನೊಂದು ಫೋನ್ ಮಾಡಿ, ಹಾಗಾದರೆ ನಾಳೆ ಸೂರತ್ತಿಗೆ ಹೋಗಿ ಪಾಂಡೇಸರಾದ ಮಿಲ್ಲಿನ ಕೆಲಸ ಮುಗಿಸಿಕೊಂಡು ಬರುತ್ತೇನೆ ಎಂದು ಆಫೀಸಿಗೂ ತಿಳಿಸಿದ. ಎರಡನೇ ಸುತ್ತಿಗೆ ಬಾಯಿ ತೆರೆದು ಕೂತಿದ್ದ ನನ್ನ ಮುಂದೆ ಟೀವಿ ಹಾಕಿದರು.

ಶನಿವಾರ ಬೆಳಿಗ್ಗೆ ಹಕ್ಕಿ ತೋರಿಸುತ್ತೇನೆ ಎಂದು ಊರಿನಲ್ಲೇ ಮಾತು ಕೊಟ್ಟಿದ್ದೆ; ಸರೋಜಳಿಗೆ ಹೇಳುವ ಧೈರ್ಯವಾಗಲಿಲ್ಲ. ಬೆಳಿಗ್ಗೆ ಹೇಗಾದರೂ ಸರಿಹೋಗುತ್ತದೆ ಎಂದು ಮಲಗಿದೆ.

ಕತ್ತಲಿರುವಾಗಲೇ ಎದ್ದು, ಗುಲಾಬಿ ಸೀರೆ ಉಟ್ಟು, ಸ್ವೆಟರ್ ಹಾಕಿ, ಕೊರಳಿಗೆ ಬೈನಾಕ್ಯುಲರ್ ನೇತುಹಾಕಿಕೊಂಡು ಅವಳು ಹಾಲಿನಲ್ಲಿ ಕೂತಿದ್ದಳು. ನನ್ನನ್ನೂ ಎಬ್ಬಿಸಿ ಕೂರಿಸಿದಳು. ಮನೆ ನಿಶ್ಶಬ್ದ.

"ರೀ, ಇನ್ನೂ ಯಾರೂ ಎದ್ದೇ ಇಲ್ಲವಲ್ಲ?"

"ಏಳ್ತಾರೆ," ಅಂದೆ.

"ಬಿಸಿಲೇರಿದರೆ ಹಕ್ಕಿ ದೂರ ಹೋಗ್ತಾವಂತೆ. ಬಾಗಿಲು ತಟ್ಟಲಾ?"

ಇನ್ನು ದಾರಿಯಿರಲಿಲ್ಲ. ನಾವು ಏಳುವ ಮೊದಲೇ ಹಿರೇನ್ ಸೂರತ್ತಿನ ಗಾಡಿ ಹಿಡಿದು ಹೋಗಿದ್ದಾನೆ ಎಂದು ಹೇಳಿದೆ. ಯಾಕೆ ಎಂದಳು. ಅದನ್ನೂ ಹೇಳಿದೆ. ಬಯ್ಯುತ್ತಾಳೆ ಎಂದು ತಲೆ ತಗ್ಗಿಸಿದೆ. ಬಯ್ಯಲಿಲ್ಲ. ಬೈನಾಕ್ಯುಲರ್ ತೆಗೆದು, ದಾರವನ್ನು ನೀಟಾಗಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಎದ್ದು ಬಂದ ಪೂರ್ವಿಗೆ ವಿಷಯ ತಿಳಿದು ಗಾಬರಿಯಾಯಿತು. "ಮಾಮ, ಬೇಕು ಇದ್ರೆ ಬೇಡ ಯಾಕೆ ಹೇಳಿದ್ರಿ?" ಎಂದು ಕೇಳಿದಳು. ನನ್ನ ಆಯುಸ್ಸಿನಲ್ಲಿ ಇಷ್ಟು ಕಷ್ಟದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವಳು ಅತ್ತೆಯನ್ನು ಸಮಾಧಾನ ಮಾಡಲು ಸೊಸೈಟಿಯ ಪಾರ್ಕಿಗೆ ಕರೆದುಕೊಂಡು ಹೋದಳು. ಸರೋಜ ಅಲ್ಲಿ ಬೈನಾಕ್ಯುಲರಿನಲ್ಲಿ ಪಾರಿವಾಳ ನೋಡಿದಳು. "ಚೆನ್ನಾಗಿವೆ," ಅಂದಳು.

ಆ ಸಂಜೆಯೇ ಪೂರ್ವಿ ತನ್ನ ಕಾರಿನಲ್ಲಿ ನಮ್ಮನ್ನು ವಡೋದರಾಕ್ಕೆ ಕರೆದುಕೊಂಡು ಹೋದಳು. ಭಾನುವಾರ ತಾನೂ ತವರಿನಲ್ಲಿದ್ದು ಬರುವ ಆಲೋಚನೆ. ದಾರಿಯುದ್ದಕ್ಕೂ ನಾನು ಒಂದು ಶಪಥ ಮಾಡುತ್ತಾ ಕೂತೆ: ಇನ್ನು ಮೇಲೆ ಯಾರು ಏನು ಕೇಳಿದರೂ ಮೊದಲ ಸಲಕ್ಕೇ ಹೂಂ! ಸರೋಜಳ ಪಾಲಿನದನ್ನು ಇನ್ನು ಕಳೆಯಕೂಡದು!

ಅಕ್ಕನ ಮನೆಯಲ್ಲಿ ಊಟವಾಯಿತು. ಅಕ್ಕ ಎಲೆಯಡಿಕೆ ತಟ್ಟೆ ಮುಂದಿಟ್ಟು, ನಮ್ಮ ಕಡೆಯ ಎಲ್ಲ ಅಕ್ಕಂದಿರೂ ಹೇಳುವಂತೆ, "ನಾಳೆಯೇ ಸೂರತ್ತಿಗೆ ಹೋಗಬೇಕೇನೋ? ಇನ್ನೆರಡು ದಿನ ಇದ್ದು ಹೋಗಬಾರದಾ?" ಅಂದಳು.

"ಆಗಲಿ, ಇರ್ತೀವಿ!" ಅಂದೆ.

ಸುಣ್ಣ ಹಚ್ಚುತ್ತಿದ್ದ ಭಾವನ ಕೈ ನಿಂತಿತು. ಅಕ್ಕ ಅಡುಗೆಮನೆಗೆ ನಡೆದಳು. ಭಾವ ಹಿಂದೆಯೇ ಹೋದರು. ಗೋಡೆ ತೆಳುವಾಗಿತ್ತು.

"ಸೋಮವಾರ ಪೇಂಟರ್ ಬರ್ತಾನಲ್ಲೇ! ಮಂಚ ಎಲ್ಲ ಬಾಲ್ಕನಿಗೆ ಹಾಕಬೇಕು."

"ನಾನೇನು ಮಾಡಲಿ? ಬಾಯಿಮಾತಿಗೆ ಅಂದೆ. ಇವನು ಬೇಡ ಅನ್ನದೆ ಇರ್ತಾನೆ ಅಂತ ಯಾರಿಗೆ ಗೊತ್ತಿತ್ತು? ಹುಟ್ಟಿದಾಗಿನಿಂದ ಒಂದು ಸಲವೂ ಮೊದಲ ಮಾತಿಗೇ ಹೂಂ ಅಂದವನಲ್ಲ!"

ಅಷ್ಟರಲ್ಲಿ ಅಡಾಜಣ್‌ನಿಂದ ಸರೋಜಳ ತಮ್ಮ ಅವಳಿಗೆ ಫೋನ್ ಮಾಡಿ, ನಾಳೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಬೇರೆ ಕೇಳುತ್ತಿದ್ದ. ನಾಳೆಗೆಂದು ಉಂಧಿಯು ಎಂಬ ಅಲ್ಲಿಯ ಪಲ್ಯ ಮಾಡಲು ಚೀಲ ತುಂಬ ತರಕಾರಿ ತಂದು, ಸುಲಿದು, ಹೆಚ್ಚಿ ಇಟ್ಟಿದ್ದಾರಂತೆ. ಮೂರು ಊರಿನಲ್ಲಿ ಮೂರು ಮನೆಯವರನ್ನು ಕೈಕಾಲು ಆಡದ ಹಾಗೆ ಮಾಡಿದ ಕೀರ್ತಿ ಒಬ್ಬನಿಗೇ ಬಂತು. ಸರೋಜ ಫೋನ್ ಇಟ್ಟು ನೆಟ್ಟಗೆ ಕೂತಳು.

"ಪೂರ್ವಿ, ಇಲ್ಲಿ ಹತ್ತಿರ ಆ ಹಕ್ಕಿ ಸಿಗುತ್ತಾ?"

"ಹಾಂ ಅತ್ತೆ. ದಭೋಯಿ ಸೈಡ್ ಒಂದು ಕೆರೆ ಇದೆ. ಕೆಲವು ಸಲ ಬರ್ತಾವೆ."

"ನಾಳೆ ಬೆಳಿಗ್ಗೆ ನನ್ನನ್ನು ಕರ್ಕೊಂಡು ಹೋಗು."

"ಓಕೆ ಅತ್ತೆ."

ಮುಗಿಯಿತು! ಎರಡು ಮಾತು. ನಾನು ಬೆರಗಾಗಿ ನೋಡಿದೆ. ಹಕ್ಕಿ ನೋಡಿ ಬಂದು ಮಧ್ಯಾಹ್ನದ ಗಾಡಿಗೆ ಸೂರತ್ತಿಗೆ ಹೋಗುವುದೆಂದು ಅವಳೇ ತೀರ್ಮಾನಿಸಿದಳು. ಅಡುಗೆಮನೆಯಲ್ಲಿ ಭಾವ ಉಸಿರು ಬಿಟ್ಟಿದ್ದು ಹಾಲಿಗೆ ಕೇಳಿಸಿತು.

ಮಾರನೆಯ ಬೆಳಿಗ್ಗೆ ಸರೋಜ ಮತ್ತೆ ಗುಲಾಬಿ ಸೀರೆ ಉಟ್ಟಳು. ಅಕ್ಕ ಆಗಲೇ ಕೆಳಗೆ ಹೋಗಿ ಕಾರಿನಲ್ಲಿ ಕೂತಿದ್ದಳು. ನಾನೂ ಬೂಟು ಹಾಕಿ, ಮಂಕಿ ಕ್ಯಾಪ್ ಇಳಿಸಿ, ಮಫ್ಲರ್ ಸುತ್ತಿ ಬಾಗಿಲ ಬಳಿ ಸಿದ್ಧನಾಗಿ ನಿಂತಿದ್ದೆ. ಪೂರ್ವಿ ಕಾರಿನ ಕೀ ಹಿಡಿದು, ಬಹಳ ಪ್ರೀತಿಯಿಂದಲೇ ಕೇಳಿದಳು, "ಮಾಮ, ನೀವೂ ಬರ್ತೀರಾ?"

ಶಪಥ ಮನಸ್ಸಿನಲ್ಲೇ ಇತ್ತು. ನಾಲಿಗೆ ನನ್ನ ಮಾತು ಕೇಳಲಿಲ್ಲ.

"ಅಯ್ಯೋ, ನಾನ್ಯಾಕಮ್ಮ ಅಡ್ಡ? ಹೆಂಗಸರು ಆರಾಮಾಗಿ ಮಾತಾಡಿಕೊಂಡು ಹೋಗಿ ಬನ್ನಿ."

"ಓಕೆ ಮಾಮ!" ಪೂರ್ವಿ ಲಿಫ್ಟ್ ಗುಂಡಿ ಒತ್ತಿದಳು.

ನಾನು ಸರೋಜಳ ಕಡೆ ನೋಡಿದೆ. ಇಷ್ಟು ವರ್ಷ ಸಂಸಾರ ಮಾಡಿದವಳು, ನನ್ನ ‘ಬೇಡ’ದ ಒಳಗೇನಿದೆ ಎಂದು ಈ ಭೂಮಿಯ ಮೇಲೆ ಅವಳೊಬ್ಬಳಿಗೆ ಗೊತ್ತು. ಅವಳು ನನ್ನ ಬೂಟು ನೋಡಿದಳು. ಮಂಕಿ ಕ್ಯಾಪ್ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಲಿಫ್ಟ್ ಬಂತು.

"ಬಾಗಿಲು ಹಾಕ್ಕೊಳ್ಳಿ," ಅಂದಳು.

ಆ ಬೆಳಿಗ್ಗೆ ನಾನೂ ಭಾವನೂ ಸೇರಿ ಪುಸ್ತಕದ ಕಪಾಟು ಸರಿಸಿದೆವು. ಸೋಮವಾರ ಪೇಂಟರ್ ಬರುತ್ತಾನಲ್ಲ.

ಬಿಸಿಲೇರಿದ ಮೇಲೆ ಅವರು ಬಂದರು. ಸರೋಜಳ ಮುಖ ಕೆಂಪಗಾಗಿತ್ತು, ಸೀರೆಯ ಅಂಚು ಕೆಸರಾಗಿತ್ತು. ಸೂರತ್ತಿನ ಗಾಡಿಯಲ್ಲಿ ಕಿಟಕಿ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಮೊದಲು ಬರೀ ಬಾತುಗಳಂತೆ, ಬೇಜಾರಾಯಿತಂತೆ. ಆಮೇಲೆ ಆಚೆ ದಡದಲ್ಲಿ ನೀರಿನೊಳಗೆ ತಲೆ ಹುದುಗಿಸಿ ನಿಂತ ಒಂದು ಸಣ್ಣ ಗುಂಪು ಕಂಡಿತಂತೆ. ಹಾರುವಾಗ ರೆಕ್ಕೆ ಬಿಚ್ಚಿದವಂತೆ, ಒಳಗೆಲ್ಲ ಕೆಂಪಂತೆ! ಅವಳಿಗೆ ಕಣ್ಣಲ್ಲಿ ನೀರೇ ಬಂದುಬಿಟ್ಟಿತಂತೆ. ಹೇಳುತ್ತಾ ಹೇಳುತ್ತಾ ಈಗಲೂ ಬಂತು. ಅವಳು ಇಷ್ಟು ಖುಷಿಯಾಗಿದ್ದನ್ನು ನಾನು ಯಾವ ಗೃಹಪ್ರವೇಶದಲ್ಲೂ ನೋಡಿರಲಿಲ್ಲ. ನನಗೂ ಸಂತೋಷವಾಯಿತು, ಹಾಗೇ ಸ್ವಲ್ಪ ಹೊಟ್ಟೆಯೂ ಉರಿಯಿತು.

"ಅಲ್ಲ ಕಣೇ, ನಾನು ಬೂಟು ಹಾಕಿ ನಿಂತಿದ್ದು ನೀನು ನೋಡಿದೆ ತಾನೇ? ಇನ್ನೊಂದು ಸಲ ಕರೆಯೋಣ ಅಂತ ಅನ್ನಿಸಲಿಲ್ವಾ?"

"ಅನ್ನಿಸ್ತು," ಅಂದಳು ಸರೋಜ. "ಆದರೆ ಇನ್ನೊಂದು ಸಲ ಕರೆದರೆ ನೀವು ಬಂದುಬಿಡ್ತಿದ್ರಿ."