ಉತ್ತರದ ಗೋಡೆಯ ತರಗತಿ

ಮಕ್ಕಳು ಓದಿನಲ್ಲಿ ಏಕೆ ಹಿಂದೆ ಬೀಳುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಇಂದಿಗೂ ಒಂದೇ ಉಸಿರಿನಲ್ಲಿ ಹತ್ತು ಕಾರಣ ಹೇಳಬಲ್ಲೆ. ನಾಟಿಯ ಕೆಲಸ, ಕಜ್ಜಿ, ಮನೆಯಲ್ಲಿ ತೊಟ್ಟಿಲು ತೂಗುವ ಸರದಿ, ಒಬ್ಬ ಮೇಷ್ಟ್ರಿಗೆ ನಾಲ್ಕು ತರಗತಿ, ಹೀಗೆ. ಹನ್ನೊಂದನೆಯದೂ ಒಂದಿದೆ. ಅದನ್ನು ನಾನು ಇಲಾಖೆಗೆ ಎಂದೂ ಬರೆದವನಲ್ಲ.

ಮದರಾಸಿನವರ ಆಡಳಿತದ ಕಾಲ. ಬುಕ್ಕಸಾಗರದ ಆಚೆ, ಗದ್ದೆಗಳ ನಡುವಿನ ಒಂದು ಹಳ್ಳಿಗೆ ನಾನೊಬ್ಬನೇ ಮೇಷ್ಟ್ರು. ಶಾಲೆಗೆ ಒಂದೇ ಕೋಣೆ. ಒಂದೊಂದು ತರಗತಿ ಒಂದೊಂದು ಗೋಡೆಗೆ ಮುಖಮಾಡಿ ಕೂತರೆ ನಾನು ನಡುವೆ ಗಾಣದೆತ್ತಿನಂತೆ ಸುತ್ತುತ್ತಿದ್ದೆ. ಪೂರ್ವಕ್ಕೆ ಹೇಳಿಕೊಟ್ಟ ಮಗ್ಗಿಯನ್ನು ದಕ್ಷಿಣ ಒಪ್ಪಿಸುತ್ತಿತ್ತು. ಸಂಜೆ ಮಕ್ಕಳು ಹೋದರೆ ಮಾತಿಗೆ ಜನವಿಲ್ಲ. ಎದುರಾದವರು "ಶರಣ್ರಿ ಮೇಷ್ಟ್ರ" ಎಂದು ದಾರಿ ಬಿಡುತ್ತಿದ್ದರು. ಅಷ್ಟೊಂದು ಗೌರವದ ಬದಲು ಯಾರಾದರೂ ಕಟ್ಟೆಗೆ ಕರೆದು ಕೂರಿಸಿಕೊಂಡಿದ್ದರೆ ಸಾಕಿತ್ತು.

ಉತ್ತರದ ಗೋಡೆ ನಾಲ್ಕನೆಯ ತರಗತಿಯದು. ಆ ತರಗತಿ ಎಂದರೆ ಗಂಗವ್ವ ಒಬ್ಬಳೇ. ಇಂಥ ಶಾಲೆಗಳ ಪದ್ಧತಿಯಂತೆ, ದೊಡ್ಡವಳಾದ್ದರಿಂದ ಅವಳೇ ಒಂದನೆಯ ತರಗತಿಗೆ ಉಸುಕಿನಲ್ಲಿ ಅಕ್ಷರ ತಿದ್ದಿಸುತ್ತಿದ್ದಳು. ಅವಳ ಸ್ವಂತ ಪಾಠಕ್ಕೆ ಉಳಿಯುತ್ತಿದ್ದದ್ದು ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತು ಮಾತ್ರ. ಆ ಹೊತ್ತೂ ಯಾರ ಎಮ್ಮೆ ಈದಿತು, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂಬ ಸುದ್ದಿಯಲ್ಲೇ ಮುಗಿದುಹೋಗುತ್ತಿತ್ತು. "ಒಬ್ರ ಉಣ್ತೀರಲ್ರಿ ಮೇಷ್ಟ್ರ, ಬ್ಯಾಸ್ರ ಆಗಂಗಿಲ್ಲೇನ್ರಿ?" ಎಂದು ಆ ಊರಿನಲ್ಲಿ ನನ್ನನ್ನು ಕೇಳಿದವಳು ಅವಳೊಬ್ಬಳೇ.

ಇನ್‌ಸ್ಪೆಕ್ಟರು ಪರೀಕ್ಷೆಗೆ ಬಂದರು. ಒಂದನೆಯ ತರಗತಿ ಪೂರಾ ಪಾಸು, ನಾಲ್ಕನೆಯದು ಪೂರಾ ನಪಾಸು. ಭಿನ್ನರಾಶಿಯ ಲೆಕ್ಕಕ್ಕೆ ಗಂಗವ್ವ ಪಾಟಿ ನೋಡುತ್ತ ನಿಂತಳು. "ಮೇಷ್ಟ್ರು ಹೇಳಿಕೊಟ್ಟಿಲ್ಲವೇ?" ಎಂದು ಅವರು ಕೇಳಿದರೆ, "ಹೇಳ್ಯಾರ್ರಿ. ನಂಗ ತಲಿಗೆ ಹತ್ತಿಲ್ರಿ" ಎಂದು ಸುಳ್ಳು ಹೇಳಿ ನನ್ನ ಮಾನ ಉಳಿಸಿದಳು. ಇಲಾಖೆಯ ವರದಿಯಲ್ಲಿ ನಪಾಸಿನ ಕಾರಣದ ಕಾಲಮಿನಲ್ಲಿ ನಾನು 'ನಾಟಿಯ ಕೆಲಸ' ಎಂದು ಬರೆದೆ. ಒಳಗೊಳಗೆ, ಇನ್ನೊಂದು ವರ್ಷ ಇಲ್ಲೇ ಇರುತ್ತಾಳಲ್ಲ ಎಂದು ಸಂತೋಷವೇ ಆಯಿತು. ಮರುದಿನ ಅವಳ ಅಪ್ಪ ಬಂದ. "ಪಾಸಾಗಿದ್ರ ಕಂಪ್ಲ್ಯಾಗ ಅಕಿ ಸೋದರಮಾವನ ಮನ್ಯಾಗಿಟ್ಟು ಮುಂದಿನ ಸಾಲಿ ಓದಸ್ತಿದ್ದೆರಿ. ಇನ್ನೊಂದ್ ವರ್ಷ ನೋಡ್ತೀನಿ. ಆಗ್ಲೂ ಹಿಂಗ ಆದ್ರ ಸಾಲಿ ಬಿಡ್ಸಿ ಗದ್ದಿಗೆ ಹಚ್ತೀನ್ರಿ" ಎಂದ. ಹನ್ನೊಂದನೆಯ ಕಾರಣ ತಲೆ ತಗ್ಗಿಸಿ ಕೂತು ಕೇಳಿತು.

ಮರುವರ್ಷ ಅವಳನ್ನು ಸಣ್ಣವರ ಕಡೆ ಸುಳಿಯಗೊಡಲಿಲ್ಲ. ಬುತ್ತಿಯ ಹೊತ್ತಿನಲ್ಲೂ ಭಿನ್ನರಾಶಿ. ಎಮ್ಮೆಯ ಸುದ್ದಿ ತೆಗೆದರೆ, "ಅದರ ಹಾಲಿನಾಗ ಮೂರರಾಗ ಎರಡು ಪಾಲು ಮಾರಿದ್ರ ಮನಿಗೆಷ್ಟು ಉಳೀತು, ಹೇಳು" ಎಂದು ಗದರುತ್ತಿದ್ದೆ. ಪಾಸಾದಳು. ಒಂದನೆಯ ತರಗತಿ ಮಾತ್ರ ಅರ್ಧಕ್ಕರ್ಧ ಮುಗ್ಗರಿಸಿತು. ಕಂಪ್ಲಿಗೆ ಹೊರಟ ದಿನ "ಹೋಗಿ ಬರ್ತೀನ್ರಿ ಮೇಷ್ಟ್ರ" ಎಂದಳು. "ಪಾಟಿ ಒಡಕೋಬ್ಯಾಡ" ಎಂದೆ.

ಮೂರನೆಯ ತರಗತಿಯಿಂದ ಯಾರೂ ಮೇಲೆ ಬರದೆ ಆ ವರ್ಷ ಉತ್ತರದ ಗೋಡೆ ಖಾಲಿ ಉಳಿಯಿತು. ಆದರೂ ಸುತ್ತುವ ಅಭ್ಯಾಸ ಬಿಡಬೇಕಲ್ಲ? ಅತ್ತ ತಿರುಗಿದ ಕೂಡಲೇ "ನಾಕನೇ ಕ್ಲಾಸು, ಗದ್ದಲ ಮಾಡಬ್ಯಾಡ!" ಎಂದು ಕೂಗಿಬಿಡುತ್ತಿದ್ದೆ. ಉಳಿದ ಮೂರು ಗೋಡೆಯ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಇಡೀ ನೌಕರಿಯಲ್ಲಿ ನನ್ನ ಮಾತನ್ನು ಅಷ್ಟು ಚೆನ್ನಾಗಿ ಕೇಳಿದ ತರಗತಿ ಇನ್ನೊಂದಿಲ್ಲ.