ನಾಲ್ಕು ಗಂಟೆ ಇಪ್ಪತ್ತು ನಿಮಿಷ

ಲಯನೆಲ್ ಸಗ್ಡೆನ್ ಹೆಂಡತಿಗೆ ಹೇಳಿದ್ದ ಒಂದು ಸುಳ್ಳು ಮೂರು ವಾರ ಕಳೆದ ಮೇಲೆ, ಶನಿವಾರದ ಟಪಾಲಿನಲ್ಲಿ, ಎರಡು ಫೋಟೋ ಸಮೇತ ಮನೆಗೆ ಬಂತು.

ಸುಳ್ಳು ಅಂಥ ದೊಡ್ಡದೇನಲ್ಲ. ಅವತ್ತು ಅವನ ಭಾವಮೈದುನ ಜೆರಾಲ್ಡ್ ಮನೆ ಬದಲಾಯಿಸುತ್ತಿದ್ದ. ಜೆರಾಲ್ಡನ ಹತ್ತಿರ ಒಂದು ಪಿಯಾನೋ ಇತ್ತು. ಲಯನೆಲ್‌ನ ಹೆಂಡತಿ ಡೋರೀನ್ ಬೆಳಗ್ಗೆ ಎಂಟಕ್ಕೇ ಅಣ್ಣನ ಮನೆಗೆ ಹೊರಟು, "ಹಾಲು ತಗೊಂಡು ಹಿಂದೇನೇ ಬಾ" ಅಂದಿದ್ದಳು. ಲಯನೆಲ್ ಒಂಬತ್ತಕ್ಕೆ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಹಾಲು ಕೊಂಡ. ಅಷ್ಟರಲ್ಲಿ ಪಿಯಾನೋ ನೆನಪಾಯಿತು. ನೇರ ಮನೆಗೆ ವಾಪಸಾಗಿ, ಟೀವಿಯಲ್ಲಿ ಸ್ನೂಕರ್ ಹಾಕಿಕೊಂಡು ಸೋಫಾದ ಮೇಲೆ ಉರುಳಿಕೊಂಡ. ಒಂದು ಗಂಟೆಗೆ ಎದ್ದು, ಇಷ್ಟೊತ್ತಿಗೆ ಪಿಯಾನೋ ಒಳಗೆ ಹೋಗಿರುತ್ತದೆಂದು ಅಂದಾಜು ಮಾಡಿ, ಮತ್ತೆ ಅದೇ ಅಂಗಡಿಗೆ ಹೋಗಿ ಎಲ್ಲರಿಗೂ ಹಂದಿಮಾಂಸದ ಪೈ ಕಟ್ಟಿಸಿಕೊಂಡು ಜೆರಾಲ್ಡನ ಹೊಸ ಮನೆಯ ಬಾಗಿಲಲ್ಲಿ ನಿಂತ.

"ಅಂಗಡೀಲಿ ಬಿಲ್ ಹಾಕೋ ಯಂತ್ರಗಳೆಲ್ಲಾ ಕೆಟ್ಟುಹೋಗಿದ್ವು. ಬೆಳಗ್ಗೆಯಿಂದ ಸಾಲಲ್ಲೇ ನಿಂತಿದ್ದೆ" ಅಂದ.

ಡೋರೀನ್ ನಂಬಿದಳು. ಪಿಯಾನೋ ಅವಳ ಕಾಲ ಮೇಲೆ ಬಿದ್ದಿದ್ದರಿಂದ ಅವತ್ತು ಅನುಮಾನ ಪಡಲು ಅವಳಿಗೆ ಬಿಡುವಿರಲಿಲ್ಲ.

ಈಗ ಬಂದ ಕಾಗದ ಆ ಅಂಗಡಿಯ ಕಾರು ನಿಲ್ಲಿಸುವ ಜಾಗ ನೋಡಿಕೊಳ್ಳುವ ಖಾಸಗಿ ಕಂಪನಿಯದು. ಎರಡು ಗಂಟೆ ಮಾತ್ರ ನಿಲ್ಲಿಸಬೇಕಾದ ಕಡೆ ನಿಮ್ಮ ಕಾರು ನಾಲ್ಕು ಗಂಟೆ ಇಪ್ಪತ್ತು ನಿಮಿಷ ನಿಂತಿದೆ. ಒಳಗೆ ಬಂದದ್ದು 9.05ಕ್ಕೆ, ಹೊರಗೆ ಹೋದದ್ದು 1.25ಕ್ಕೆ; ನೂರು ಪೌಂಡ್ ಕಟ್ಟಿ, ಇಲ್ಲವೇ ಮೇಲ್ಮನವಿ ಹಾಕಿ. ಕ್ಯಾಮೆರಾ ಮೊದಲ ಸಲ ಬಂದದ್ದನ್ನೂ ಎರಡನೇ ಸಲ ಹೋದದ್ದನ್ನೂ ಹಿಡಿದುಕೊಂಡು, ನಡುವೆ ಹೋಗಿ ಬಂದದ್ದನ್ನು ಬಿಟ್ಟುಬಿಟ್ಟಿತ್ತು.

ಲಯನೆಲ್ ಕಾಗದವನ್ನು ಎರಡು ಸಲ ಓದಿದ. ನೂರು ಪೌಂಡ್ ಎಂದಾಗ ಹಲ್ಲುನೋವು ಬಂದಂತಾಯಿತು. ಆದರೆ ತಾನು ಹೇಳಿದ ಸುಳ್ಳಿಗೆ ಕ್ಯಾಮೆರಾ ತಾನಾಗಿಯೇ ಬಂದು ಸಾಕ್ಷಿ ಹೇಳಿತ್ತು. ತೆಪ್ಪಗೆ ಕಟ್ಟಿಬಿಟ್ಟರೆ ವಿಷಯ ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡು ಕಾಗದ ಮಡಚುವಷ್ಟರಲ್ಲಿ ಡೋರೀನ್ ಅದನ್ನು ಕೈಯಿಂದ ಕಿತ್ತುಕೊಂಡಳು.

"ನೂರು ಪೌಂಡಾ! ಅವರ ಯಂತ್ರ ಕೆಟ್ಟಿದ್ದಕ್ಕೆ ನಾವು ದಂಡ ಕಟ್ಬೇಕಾ? ಮೇಲ್ಮನವಿ ಹಾಕೋಣ."

ಡೋರೀನ್ ಕಸದ ತೊಟ್ಟಿಯ ವಿಷಯಕ್ಕೆ ನಗರಸಭೆಯನ್ನು ಏಳು ತಿಂಗಳು ಕುಣಿಸಿದ ಹೆಂಗಸು. ಲಯನೆಲ್ ಕಾಗದಕ್ಕೆ ಕೈ ಚಾಚಿದ.

"ಬೇಡ ಬಿಡೆ. ಕಟ್ಟಿಬಿಡೋಣ. ನೂರು ಪೌಂಡ್ ತಾನೇ?"

ಡೋರೀನ್ ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟಳು. "ಏನಂದೆ? ಬೀನ್ಸ್ ಡಬ್ಬಕ್ಕೆ ಹನ್ನೊಂದು ಪೆನ್ಸ್ ಜಾಸ್ತಿ ಹಾಕಿದ್ರು ಅಂತ ಮಳೇಲಿ ನೆನ್ಕೊಂಡು ವಾಪಸ್ ಹೋಗಿದ್ದವನು ನೀನು. ಇವತ್ತು ನೂರು ಪೌಂಡ್ 'ತಾನೇ' ಆಗೋಯ್ತಾ? ಏನ್ ವಿಷ್ಯ, ಲಯನೆಲ್?"

"ವಿಷ್ಯ ಏನಿಲ್ಲ, ಮಾರಾಯ್ತಿ."

"ಏನಿಲ್ಲದಿದ್ರೆ ಕೋಟು ಹಾಕ್ಕೋ. ಯಂತ್ರ ಕೆಟ್ಟಿತ್ತು ಅಂತ ಮ್ಯಾನೇಜರ್ ಹತ್ರ ಬರೆಸಿಕೊಂಡು ಬರೋಣ."

ಅಂಗಡಿಯ ಮ್ಯಾನೇಜರ್ ಪ್ರಾಸರ್ ಸಾಹೇಬರು ಟೈ ಸರಿಮಾಡಿಕೊಂಡು ಎಲ್ಲ ಕೇಳಿದರು. ದಿನಚರಿ ತೆರೆದು ನೋಡಿದರು. "ಅವತ್ತು ಯಾವ ಯಂತ್ರಾನೂ ಕೆಟ್ಟಿಲ್ಲ ಮೇಡಂ. ಈ ವರ್ಷದಲ್ಲೇ ಕೆಟ್ಟಿಲ್ಲ" ಅಂದರು. ಆಮೇಲೆ ಲಯನೆಲ್‌ನ ಮುಖ ನೋಡಿ, ಗಂಡಸಿಗೆ ಗಂಡಸು ಉಪಕಾರ ಮಾಡುವವರಂತೆ ದನಿ ತಗ್ಗಿಸಿದರು. "ನೋಡಿ, ಕೆಲವರು ಆ ದೂರದ ಮೂಲೇಲಿ ಕಾರಲ್ಲೇ ಕೂತಿರ್ತಾರೆ. ನಾವು ಯಾಕೆ ಏನು ಅಂತ ಕೇಳೋಕೆ ಹೋಗಲ್ಲ."

"ಕೂತು ಏನ್ ಮಾಡ್ತಾರೆ?" ಡೋರೀನ್ ಕೇಳಿದಳು.

"ಅದನ್ನೇ ಮೇಡಂ, ನಾವು ಕೇಳಲ್ಲ" ಅಂದರು ಪ್ರಾಸರ್.

ಹೊರಗೆ ಸ್ಟ್ಯಾನ್ ಎಂಬ ಮುದುಕ ತಳ್ಳುಗಾಡಿಗಳನ್ನು ಜೋಡಿಸುತ್ತಿದ್ದ. ಡೋರೀನ್ ಕುಂಟುತ್ತ ಸೀದಾ ಅವನ ಹತ್ತಿರ ಹೋದಳು. ಲಯನೆಲ್ ಹಿಂದಿನಿಂದ ಕೈಸನ್ನೆ ಮಾಡುತ್ತಿದ್ದ. ಸ್ಟ್ಯಾನ್ ಅದನ್ನು ಶುಭಾಶಯವೆಂದು ತಿಳಿದು ತಾನೂ ಕೈ ಬೀಸಿದ.

"ಮೂರು ವಾರದ ಹಿಂದಿನ ಶನಿವಾರಾನಾ? ಬೆಳ್ಳಿ ಬಣ್ಣದ ಕಾರಾ? ನೆನಪಿಲ್ದೇ ಏನು! ಅಗೋ ಆ ಮೂಲೇಲಿ ನಿಂತಿತ್ತು. ಮಧ್ಯಾಹ್ನದ ತನಕ ಅಲ್ಲಾಡಿಲ್ಲ. ಗಾಜಿನ ತುಂಬಾ ಒಳಗಿಂದ ಹಬೆ."

"ಒಳಗೆ ಎಷ್ಟು ಜನ ಇದ್ರು?"

ಸ್ಟ್ಯಾನ್ ಯೋಚಿಸಿದ. "ಅಷ್ಟು ಹಬೆಗೆ ಕನಿಷ್ಠ ಇಬ್ಬರಾದ್ರೂ ಬೇಕು."

ಇಂಗ್ಲೆಂಡಿನಲ್ಲಿ ಬೆಳ್ಳಿ ಬಣ್ಣದ ಕಾರುಗಳಿಗೇನು ಬರ? ಅವರ ಬ್ಯಾಟ್ಲಿಯಂಥ ಸಣ್ಣ ಊರಿನಲ್ಲೇ ಸಾವಿರಾರು ಇವೆ. ಆದರೆ ಡೋರೀನ್ ಈ ಲೆಕ್ಕಕ್ಕೆ ಹೋಗಲಿಲ್ಲ. ಅಂಗಡಿಯ ಎದುರಿನ ಬೆಂಚಿನ ಮೇಲೆ ಕುಸಿದು ಕೂತಳು. ಅವಳ ಕಣ್ಣಲ್ಲಿ ನೀರು ನೋಡಿ ಲಯನೆಲ್‌ಗೆ ನಿಜಕ್ಕೂ ಸಂಕಟವಾಯಿತು.

"ಯಾರವಳು?" ಅಂದಳು.

"ಯಾರೂ ಇಲ್ಲ ಕಣೆ! ನಾನು ಮನೇಲಿದ್ದೆ! ಪಿಯಾನೋ ಹೊರೋಕೆ ಸೋಮಾರಿತನ ಆಗಿ, ಮನೇಲಿ ಕೂತು ಸ್ನೂಕರ್ ನೋಡ್ತಿದ್ದೆ. ಯಂತ್ರ ಕೆಟ್ಟಿದ್ದು ಸುಳ್ಳು. ತಪ್ಪಾಯ್ತು!"

"ಯಾರು ಗೆದ್ರು?"

"ಆಂ?"

"ಸ್ನೂಕರಲ್ಲಿ. ಯಾರು ಗೆದ್ರು?"

"ಮಧ್ಯದಲ್ಲಿ ನಿದ್ದೆ ಬಂತು..."

"ಕ್ಯಾಮೆರಾ ಇಲ್ಲಿದ್ದೆ ಅನ್ನುತ್ತೆ. ಮುದುಕ ಇಲ್ಲಿದ್ದೆ ಅಂತಾನೆ. ಮೂರು ವಾರದ ಹಿಂದೆ ನೀನೂ ಇಲ್ಲೇ ಇದ್ದೆ ಅಂದಿದ್ದೆ." ಡೋರೀನ್ ಎದ್ದು ನಿಂತಳು. "ಮೂವತ್ತೊಂದು ವರ್ಷ ಸಂಸಾರ ಮಾಡಿದೀನಿ. ಸಂಜೆ ಒಳಗೆ ನೀನು ಎಲ್ಲಿದ್ದೆ ಅಂತ ತೋರಿಸು. ಇಲ್ಲಾಂದ್ರೆ ನಾನು ಜೆರಾಲ್ಡ್ ಮನೆಗೆ ಹೋಗ್ತೀನಿ, ವಾಪಸ್ ಬರಲ್ಲ."

ಹೀಗೆ, ಬೆಳಗ್ಗೆ ಸುಳ್ಳನ್ನು ಉಳಿಸಿಕೊಳ್ಳಲು ನೂರು ಪೌಂಡ್ ಕೊಡಲು ತಯಾರಿದ್ದ ಮನುಷ್ಯ ಮಧ್ಯಾಹ್ನದ ಹೊತ್ತಿಗೆ, ತಾನು ಸುಳ್ಳುಗಾರನೆಂದು ಹೇಳುವ ಒಬ್ಬನೇ ಒಬ್ಬ ಸಾಕ್ಷಿ ಸಿಕ್ಕರೆ ಸಾಕಪ್ಪಾ ಎಂದು ಒದ್ದಾಡತೊಡಗಿದ.

ಅಂಥ ಸಾಕ್ಷಿ ಎದುರುಮನೆಯಲ್ಲೇ ಇದ್ದರು. ಮಿಸೆಸ್ ಈನಿಡ್ ಥ್ಯಾಕ್ರೆ. ಬಡಾವಣೆಯ ಕಾವಲು ಸಮಿತಿಯ ಕಾರ್ಯದರ್ಶಿ, ಸಮಿತಿಯಲ್ಲಿರುವ ಏಕೈಕ ಸದಸ್ಯೆಯೂ ಅವರೇ. ಕಿಟಕಿಯ ಪರದೆಯ ಹಿಂದೆ ಕೂತು, ಬೀದಿಯಲ್ಲಿ ಯಾರು ಯಾವಾಗ ಬಂದರು, ಯಾರು ಹೋದರು ಎಂದು ಒಂದು ನೋಟುಪುಸ್ತಕದಲ್ಲಿ ಬರೆದಿಡುವವರು. ಹೋದ ವರ್ಷ ಬಡಾವಣೆಯ ಸಭೆಯಲ್ಲಿ ಲಯನೆಲ್ ಎದ್ದು ನಿಂತು ಆ ಪುಸ್ತಕವನ್ನು ಒಲೆಗೆ ಹಾಕಿ ಅಂದಿದ್ದ. ಅಂದಿನಿಂದ ಮಾತುಕತೆ ಇರಲಿಲ್ಲ.

ಲಯನೆಲ್ ಹೆಂಡತಿಯೊಡನೆ ಹೋಗಿ ತಟ್ಟಿದಾಗ ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು. ಅವನು ಪುಸ್ತಕ ತೋರಿಸಿ ಅಂದ.

"ಯಾವ ಪುಸ್ತಕ ಮಿಸ್ಟರ್ ಸಗ್ಡೆನ್? ಒಲೆಗೆ ಹಾಕೋ ಪುಸ್ತಕಾನಾ?"

"ನನ್ನ ಬಾಯಿಗೆ ಬೆಂಕಿ ಬೀಳ. ಅದು ಬಡಾವಣೆಯ ಆಸ್ತಿ ಮೇಡಂ, ನಿಜವಾಗ್ಲೂ. ಒಂದು ಶನಿವಾರದ ಪುಟ ತೋರಿಸಿ ಸಾಕು."

"ಬೇರೆಯವರ ವಿಷಯ ನಾನು ಯಾರಿಗೂ ತೋರಿಸಲ್ಲ."

"ನನ್ನ ವಿಷಯಾನೇ ತೋರಿಸಿ!"

"ಅದೇ ಯಾಕೆ ಅಂತ" ಎಂದು ಈನಿಡ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತನ್ನ ಮೇಲಿನ ಗೂಢಚಾರಿಕೆ ನೋಡಲು ಗೋಗರೆಯುವ ಮನುಷ್ಯನನ್ನು ಅವರು ಈವರೆಗೆ ಕಂಡಿರಲಿಲ್ಲ. ಇದರಲ್ಲಿ ಏನೋ ಮಸಲತ್ತಿರಬೇಕು ಅನ್ನಿಸಿತು. ಆದರೆ ಅವನ ಹಿಂದೆ ಡೋರೀನ್ ಕಣ್ಣೊರೆಸಿಕೊಳ್ಳುತ್ತಿದ್ದದ್ದು ಕಂಡಿತು. ಒಳ್ಳೆಯ ಜಗಳವೊಂದು ತನ್ನ ಹೊಸ್ತಿಲಿಗೇ ಬಂದಿರುವಾಗ ಬಾಗಿಲು ಹಾಕಿಕೊಳ್ಳುವಷ್ಟು ಕಲ್ಲುಮನಸ್ಸು ಈನಿಡ್‌ಗೆ ಇರಲಿಲ್ಲ. ಪುಸ್ತಕ ತಂದು, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"9.38. ಹದಿನಾಲ್ಕನೇ ನಂಬರ್ ಮನೆಯ ಕಾರು ಬಂತು. ತನ್ನ ಜಾಗದಲ್ಲಿ ನಿಲ್ಲಿಸದೆ ರಸ್ತೆ ಕೊನೆಯ ತಿರುವಿನಲ್ಲಿ, ಬೇಲಿ ಮರೆಗೆ ನಿಲ್ಲಿಸಿದರು. ಬಗ್ಗಿಕೊಂಡು ಮನೆಯೊಳಗೆ ಹೋದರು. ಅನುಮಾನಾಸ್ಪದ. 9.55, ಟೀವಿ ಸದ್ದು. 10.40, ಕಿಟಕಿಯಿಂದ ಗೊರಕೆ. 11.30, ಗೊರಕೆ ಮುಂದುವರಿದಿದೆ. 12.15, ಕಾರು ಅಲ್ಲೇ ಇದೆ. 1.02, ಕಾರು ಹೊರಟಿತು."

ಲಯನೆಲ್ ಈನಿಡ್‌ರ ಕೈ ಹಿಡಿದು ಕುಲುಕಿದ. ಅವರು ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡರು.

"ಹಾಗಾದ್ರೆ ಯಾರೂ ಇಲ್ಲ" ಅಂದಳು ಡೋರೀನ್.

"ಯಾರೂ ಇಲ್ಲ."

ಡೋರೀನ್ ಅವನನ್ನು ತಬ್ಬಿಕೊಂಡಳು. ಮೂವತ್ತೊಂದು ವರ್ಷದ ಸಂಸಾರ ಉಳಿಯಿತೆಂದು ಇಬ್ಬರಿಗೂ ಸಂತೋಷವಾಯಿತು. ಆ ಸಂತೋಷ ರಸ್ತೆ ದಾಟುವ ತನಕ ಇತ್ತು.

"ಬಗ್ಗಿಕೊಂಡು ಹೋದ್ಯಾ?" ಅಂದಳು ಡೋರೀನ್, ತಮ್ಮ ಮನೆ ಬಾಗಿಲಲ್ಲಿ ನಿಂತು. "ನನ್ನ ಕಾಲ ಮೇಲೆ ಪಿಯಾನೋ ಬಿದ್ದಾಗ ನೀನಿಲ್ಲಿ ಗೊರಕೆ ಹೊಡೀತಿದ್ದೆ."

ಮುಂದಿನ ಅರ್ಧ ಗಂಟೆ ಲಯನೆಲ್ ಏನೇನು ಕೇಳಿಸಿಕೊಂಡ ಎಂಬುದನ್ನು ಈನಿಡ್ ಬರೆದಿಟ್ಟಿದ್ದಾರೆ, ಎರಡು ಪುಟ ಹಿಡಿಸಿದೆ. ಆದರೂ ಅವನು ತಲೆತಗ್ಗಿಸಿ ಕೇಳಿಸಿಕೊಂಡ. ಹೆಂಡತಿ ಬೈಯುತ್ತಿದ್ದಾಳೆ ಎಂದರೆ ಮನೆಯಲ್ಲೇ ಇದ್ದಾಳೆ ಎಂದರ್ಥ.

ಬೈದು ಮುಗಿದ ಮೇಲೆ ಡೋರೀನ್ ಈನಿಡ್‌ರ ಅಪ್ಪಣೆ ಪಡೆದು ಪುಟದ ಫೋಟೋ ತೆಗೆದಳು. ಕಾರು ನಡುವೆ ಮನೆಗೆ ಬಂದಿತ್ತು, ಇದೋ ಪುರಾವೆ ಎಂದು ಮೇಲ್ಮನವಿ ಬರೆದು, ಗಂಡನ ಕೈಯಲ್ಲಿ ಸಹಿ ಹಾಕಿಸಿ, ಮೂರು ಗಂಟೆಗೆ ಕಂಪ್ಯೂಟರಿನಲ್ಲಿ ಕಳಿಸಿದಳು. ಐದೈದು ವಾರ ಕಾಯಿಸುವ ಕಂಪನಿ ಸಂಜೆಯ ಚಹಾ ಆರುವ ಮೊದಲೇ ಉತ್ತರ ಕಳಿಸಿತು. ಅಷ್ಟು ಬೇಗ ಬಂದ ಉತ್ತರವನ್ನು ಯಾರಾದರೂ ಅನುಮಾನಿಸಬೇಕಿತ್ತು.

"ಗೆದ್ವಿ!" ಡೋರೀನ್ ಓದಿದಳು. "'ನಿಮ್ಮ ಮನವಿ ಪುರಸ್ಕೃತವಾಗಿದೆ. ಸದರಿ ಹೊತ್ತಿನಲ್ಲಿ ನಿಮ್ಮ ಕಾರು ಅಂಗಡಿಯ ಆವರಣದಲ್ಲಿ ಇರಲಿಲ್ಲವೆಂದು ಒಪ್ಪಿದ್ದೇವೆ. ದಂಡ ರದ್ದಾಗಿದೆ.'"

ಲಯನೆಲ್ ಬಿಸ್ಕತ್ತಿಗೆ ಕೈ ಹಾಕಿದ.

"ಇರು, ಕೆಳಗೆ ಇನ್ನೂ ಇದೆ. 'ನೀವೇ ಕಳಿಸಿದ ಪುರಾವೆಯ ಪ್ರಕಾರ, ಅದೇ ದಿನ 9.38ರಿಂದ 1.02ರವರೆಗೆ ನಿಮ್ಮ ಕಾರು ನಿಮ್ಮ ಬಡಾವಣೆಯ ರಸ್ತೆ ಕೊನೆಯ ತಿರುವಿನಲ್ಲಿ ನಿಂತಿತ್ತು. ಅಲ್ಲಿ ಯಾರೂ ಕಾರು ನಿಲ್ಲಿಸುವಂತಿಲ್ಲ. ಏಪ್ರಿಲ್ ತಿಂಗಳಿಂದ ಬಡಾವಣೆಯ ರಸ್ತೆಗಳನ್ನೂ ನಮ್ಮ ಕಂಪನಿಯೇ ನೋಡಿಕೊಳ್ಳುತ್ತಿದ್ದು, ಬೇಲಿಯ ಪಕ್ಕದ ಕಂಬದಲ್ಲಿ ಫಲಕ ಹಾಕಿದ್ದೇವೆ. ಈ ಬಗ್ಗೆ ಹೊಸ ದಂಡ ವಿಧಿಸಲಾಗಿದೆ. ಆಕ್ಷೇಪವಿದ್ದರೆ, ಆ ಹೊತ್ತಿನಲ್ಲಿ ಕಾರು ಬೇರೆ ಕಡೆ ಇತ್ತೆಂದು ಪುರಾವೆ ಕೊಡಿ.'"

ಲಯನೆಲ್ ಬಿಸ್ಕತ್ತನ್ನು ತಟ್ಟೆಗೇ ವಾಪಸ್ ಹಾಕಿದ.

"ಬೇರೆ ಕಡೆ ಇತ್ತು ಅನ್ನೋಕೆ ನಮ್ಮ ಹತ್ರ ಪುರಾವೆ ಇದೆ" ಅಂದಳು ಡೋರೀನ್. ಬೆಳಗ್ಗೆ ಬಂದ ಎರಡು ಫೋಟೋಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು, ಪೆನ್ನು ತೆಗೆದುಕೊಂಡಳು. ಅವಳ ದನಿ ತಣ್ಣಗಿತ್ತು. "ಆ ಮುದುಕನೂ ಸಾಕ್ಷಿ ಹೇಳ್ತಾನೆ. ಬರೆಯೋಕೆ ನಾನು ರೆಡಿ. ನೀನು ಹೇಳು ಲಯನೆಲ್, ಅವತ್ತು ನಿನ್ನ ಕಾರು ಎಲ್ಲಿತ್ತು? ಆ ಹಬೆ ಮೂಲೇಲೋ, ಇಲ್ಲೋ?"

ಲಯನೆಲ್ ಫೋಟೋಗಳನ್ನು ನೋಡಿದ, ಹೆಂಡತಿಯ ಮುಖ ನೋಡಿದ.

"ಇಲ್ಲೇ ಇತ್ತು" ಅಂದ.

ಮದುವೆಯಾದ ಮೇಲೆ ಅವನು ಮರುಮಾತಿಲ್ಲದೆ ಹೇಳಿದ ಮೊದಲ ನಿಜ ಅದು. ಅದರ ಬೆಲೆ ನೂರು ಪೌಂಡ್. ಹದಿನಾಲ್ಕು ದಿನದೊಳಗೆ ಕಟ್ಟಿದರೆ ಅರವತ್ತು.